ಇಂಗ್ಲಿಷ್ ಹೋರಿಗೆ ನನ್ನ ರುಜು ಇಲ್ಲ

ಹೋದ ತಿಂಗಳು ನನ್ನ ತಮ್ಮ ಮುನಿರಾಜು ಒಂದು ರೇಷ್ಮೆ ಸೀರೆ ತಂದುಕೊಟ್ಟ. ಹಬ್ಬವಿಲ್ಲ, ಮದುವೆಯಿಲ್ಲ, ನಾಮಕರಣವೂ ಇಲ್ಲ. ಹೊಸಕೋಟೆ ಸೀಮೆಯಲ್ಲಿ ಹೆಣ್ಣಾಗಿ ಹುಟ್ಟಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣನೋ ತಮ್ಮನೋ ಕಾರಣವಿಲ್ಲದೆ ರೇಷ್ಮೆ ಸೀರೆ ತಂದರೆ ನಾವು ಅದರ ಸೆರಗು ಬಿಡಿಸಿ ನೋಡುವುದಿಲ್ಲ, ಕವರಿನ ತಳದಲ್ಲಿ ಯಾವ ಕಾಗದ ಇದೆ ಎಂದು ನೋಡುತ್ತೇವೆ. ನಾನೂ ನೋಡಿದೆ. ಇತ್ತು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಬೆಂಗಳೂರು ಬೆಳೆದು ಬೆಳೆದು ನಮ್ಮ ಹೊಲದ ಬದುವಿಗೆ ಬಂದು ನಿಂತ ಮೇಲೆ, ಜಮೀನು ಮಾರುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಕರೆಸಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆಗೆ ರುಜು ಹಾಕಿಸುವುದು ರೂಢಿಗೆ ಬಂತು. ಹಾಕಿದವಳಿಗೆ ಅರಿಶಿನ ಕುಂಕುಮದ ಹೆಸರಿನಲ್ಲಿ ಒಂದು ಸೀರೆ, ಮಧ್ಯಾಹ್ನ ಹೋಟೆಲಿನಲ್ಲಿ ತಿಂಡಿ. ಹಾಕದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ. ನನ್ನ ಬೀರುವಿನಲ್ಲಿ ಅಂಥ ಸೀರೆ ಎರಡಿವೆ. ಹಸಿರು ಸೀರೆ ಅಂದರೆ ಕೆರೆ ಕೆಳಗಿನ ಗದ್ದೆ. ನೇರಳೆ ಬಣ್ಣದ್ದು ಮಾವಿನ ತೋಪು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಒಂದು ಎಕರೆಗೆ ಎಷ್ಟು ಸೀರೆ ಎಂದು ಕೇಳುವುದು ನನಗೆ ಬರುತ್ತಿರಲಿಲ್ಲ ಎಂದಲ್ಲ, ಕೇಳಲಿಲ್ಲ. ನಗುನಗುತ್ತಾ ರುಜು ಹಾಕಿ, ಮಸಾಲೆ ದೋಸೆ ತಿಂದು, ಬಸ್ಸು ಹತ್ತಿ ಅನುಗೊಂಡನಹಳ್ಳಿಯ ನನ್ನ ಮನೆಗೆ ಬಂದುಬಿಟ್ಟೆ. ಬಂದ ಮೇಲೆ ಮೂರು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಸಿಟ್ಟು ತಮ್ಮನ ಮೇಲಲ್ಲ, ಆ ದೋಸೆಯನ್ನು ಅಷ್ಟು ರುಚಿಯಾಗಿ ತಿಂದ ನನ್ನ ಮೇಲೆ.

ಹಾಗಾಗಿ ಈ ಸಲ ಸೀರೆ ನೋಡಿದೊಡನೆ ಕೇಳಿಬಿಟ್ಟೆ. "ಇದು ಯಾವ ಸರ್ವೆ ನಂಬರಿಂದೋ?"

"ಅಯ್ಯೋ, ಮಾರಾಕೆ ಜಮೀನೆಲ್ಲಿ ಉಳ್ದೈತಕ್ಕ," ಅಂದ ಮುನಿರಾಜು. "ಅಪ್ಪನ ಗಾಡಿ. ರಿಪೇರಿ ಮಾಡ್ಸಿದ್ನಲ್ಲ, ಬೆಂಗ್ಳೂರಿಂದ ಒಬ್ರು ಕೇಳ್ತಾವ್ರೆ. ಆರ್‌ಸಿ ಇನ್ನೂ ಅಪ್ಪನ ಹೆಸ್ರಲ್ಲೇ ಐತೆ. ಅಮ್ಮಾನೂ ಹೋದ್ಮೇಲೆ ವಾರಸುದಾರ್ರು ಅಂದ್ರೆ ನಾನು ನೀನು ಇಬ್ರೇ. ನನ್ನ ಹೆಸ್ರಿಗೆ ಮಾಡ್ಕೊಳ್ಳಾಕೆ ಏನೂ ಅಡ್ಡಿ ಇಲ್ಲ ಅಂತ ನೀನೊಂದು ರುಜು ಹಾಕ್ಬಿಟ್ರೆ ಮುಗೀತು."

ಹೀಗೆ ಹೇಳಿ ಅವನು ಫೋನು ತೆಗೆದು ತಾನು ಹಾಕಿದ್ದ ಜಾಹೀರಾತು ತೋರಿಸಿದ. 'ಹಳೇ ಇಂಗ್ಲೆಂಡ್ ಮೋಟಾರ್ ಸೈಕಲ್. ಚಿನ್ನದ ಗಣಿಯ ದೊರೆ ಓಡಿಸುತ್ತಿದ್ದದ್ದು. ಹೊಸದರಂತೆ ಮಾಡಿದೆ. ಕೊಳ್ಳುವ ಮನಸ್ಸಿದ್ದವರು ಮಾತ್ರ ವಿಚಾರಿಸಿ.' ಕೆಳಗೆ ಆರು ಫೋಟೊ. ಕಪ್ಪು ಟ್ಯಾಂಕಿನ ಮೇಲೆ ಚಿನ್ನದ ಗೆರೆ, ಮುಖ ಕಾಣುವಂಥ ಸೈಲೆನ್ಸರು. ಯಾವ ಕಂಪನಿಯ ಗಾಡಿ ಎಂದು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಿಮ್ಮಲ್ಲೇ ನಾಲ್ಕು ಜನ ಬೆಲೆ ಕೇಳಿಕೊಂಡು ಬರುತ್ತೀರಿ, ನನಗೆ ಅದೇ ಬೇಡವಾಗಿರುವುದು.

ಈ ಚಿನ್ನದ ಗಣಿಯ ದೊರೆಯ ವಿಷಯ ಸ್ವಲ್ಪ ಹೇಳಬೇಕು. ಕೋಲಾರದಿಂದ ಹೊಸಕೋಟೆವರೆಗೆ ಯಾವ ಹಳೇ ಇಂಗ್ಲಿಷ್ ಗಾಡಿಯನ್ನು ಮುಟ್ಟಿದರೂ ಅದು ಗಣಿಯ ದೊರೆಯದೇ ಆಗಿರುತ್ತದೆ. ಇದೆಲ್ಲ ನಿಜವಾಗಿದ್ದರೆ ಆ ಗಣಿಯಲ್ಲಿ ಕೂಲಿಗಳಿಗಿಂತ ದೊರೆಗಳೇ ಜಾಸ್ತಿ ಇದ್ದಿರಬೇಕು. ನಮ್ಮಪ್ಪ ಗಾಡಿ ತಂದದ್ದು ಹೊಸಕೋಟೆಯ ಒಬ್ಬ ವೀಳ್ಯದೆಲೆ ವ್ಯಾಪಾರಿಯಿಂದ. ಆತನಿಗೆ ಅದು ಯಾರಿಂದ ಬಂದಿತ್ತೋ ಆ ದೇವರಿಗೇ ಗೊತ್ತು. ಅಪ್ಪ ಕೊಟ್ಟದ್ದು ದುಡ್ಡೂ ಅಲ್ಲ, ಒಂದು ಜೊತೆ ಎತ್ತು. ತಾತ ಹಟ್ಟಿಯ ಮುಂದೆ ನಿಂತು ಇಡೀ ಊರಿಗೆ ಕೇಳುವಂತೆ ಕೂಗಿದನಂತೆ: "ಉಳೋ ಎತ್ತು ಕೊಟ್ಟು ಕುಡಿಯೋ ಹೋರಿ ತಂದವ್ನೆ ನೋಡ್ರಪ್ಪ." ಪೆಟ್ರೋಲು ಕುಡಿಯುವ ಹೋರಿ. ಅವತ್ತಿನಿಂದ ನಮ್ಮೂರು ಜಡಿಗೇನಹಳ್ಳಿಯ ಸುತ್ತಮುತ್ತ ಅದರ ಹೆಸರು ಇಂಗ್ಲಿಷ್ ಹೋರಿ ಎಂದೇ ಆಯಿತು.

ಆ ಹೆಸರು ಗಟ್ಟಿಯಾಗಿ ಅಂಟಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಅಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಊರವರ ಬಾಯಲ್ಲಿ ಡಾಕ್ಟ್ರು. ಆಗಷ್ಟೇ ನಮ್ಮ ಕಡೆ ಸೀಮೆಹಸು ಸಾಕುವ ಹುಚ್ಚು ಶುರುವಾಗಿತ್ತು. ಬೆದೆಗೆ ಬಂದ ಹಸುವಿಗೆ ಹೋರಿ ಬಿಡುವ ಬದಲು, ಸೀಮೆಹೋರಿಯ ವೀರ್ಯವನ್ನು ಐಸಿಟ್ಟ ಥರ್ಮಾಸ್ ಫ್ಲಾಸ್ಕಿನಲ್ಲಿ ತಂದು ಸೂಜಿ ಹಾಕುವುದು ಅಪ್ಪನ ಕೆಲಸ. ಅದಕ್ಕೆಂದೇ ಕಮ್ಮಾರನ ಕೈಲಿ ಗಾಡಿಯ ಹಿಂಭಾಗಕ್ಕೆ ಒಂದು ಕಬ್ಬಿಣದ ಪೆಟ್ಟಿಗೆ ಕೂರಿಸಿದ್ದ. ನಮ್ಮ ಮನೆಯಲ್ಲಿ ಒಂದೇ ತರದ ಫ್ಲಾಸ್ಕು ಎರಡಿದ್ದವು. ಅಮ್ಮ ಕಾಫಿಯದಕ್ಕೆ ಕೆಂಪು ದಾರ ಕಟ್ಟಿದ್ದಳು. ಒಂದು ದಿನವೂ ಅದಲುಬದಲಾಗಲಿಲ್ಲ, ಪಾಪ, ಅಷ್ಟು ಜೋಪಾನ ಮಾಡುತ್ತಿದ್ದಳು. ಆದರೂ ನಮ್ಮ ನೆಂಟರಿಷ್ಟರು ಯಾರೂ ನಮ್ಮ ಮನೆಯ ಫ್ಲಾಸ್ಕಿನ ಕಾಫಿ ಕುಡಿಯುತ್ತಿರಲಿಲ್ಲ. "ಬಿಸಿಯಾಗಿ ಒಲೆ ಮೇಲಿಂದಾನೇ ಕೊಟ್ಬಿಡವ್ವ" ಅನ್ನುತ್ತಿದ್ದರು. ಸ್ಕೂಲಿನಲ್ಲಿ ನನ್ನನ್ನು ಹುಡುಗರು ಏನೆಂದು ಕರೆಯುತ್ತಿದ್ದರು ಎಂದು ನೀವೇ ಊಹಿಸಿಕೊಳ್ಳಿ. ನಾನು ಬರೆಯುವುದಿಲ್ಲ, ನಾನೀಗ ನಿವೃತ್ತ ಉಪಾಧ್ಯಾಯಿನಿ.

ನನಗೆ ಹದಿನಾಲ್ಕು ತುಂಬಿದ ವರ್ಷ ಒಂದು ಎಮ್ಮೆ ಅಪ್ಪನ ಬಲಮೊಣಕಾಲಿಗೆ ಒದೆಯಿತು. ಕಟ್ಟು ಹಾಕಿಸಿ ಎರಡು ತಿಂಗಳಿಗೆ ಓಡಾಡುವಂತಾದ. ಗಾಡಿ ಓಡಿಸುವುದಕ್ಕೂ ತೊಂದರೆ ಇರಲಿಲ್ಲ. ಆದರೆ ಆ ಕಾಲಿನಿಂದ ಕಿಕ್ಕರ್ ಒದೆಯಲು ಮಾತ್ರ ಆಗುತ್ತಿರಲಿಲ್ಲ. ಈಗಿನವರಿಗೆ ಗುಂಡಿ ಒತ್ತಿದರೆ ಗಾಡಿ ಎದ್ದು ನಿಲ್ಲುತ್ತದೆ, ಒದೆತದ ಕಷ್ಟ ತಿಳಿಯದು. ಆ ಕಾಲದ ಇಂಗ್ಲಿಷ್ ಗಾಡಿಯನ್ನು ಹೊತ್ತು ತಪ್ಪಿ ಒದ್ದರೆ ಕಿಕ್ಕರು ಅಷ್ಟೇ ಜೋರಾಗಿ ತಿರುಗಿಸಿ ಒದೆಯುತ್ತದೆ. ಮುನಿರಾಜು ಆಗ ಎಂಟು ವರ್ಷದವನು. ಊರ ಗಂಡಸರು ಬೆಳಗಿನ ಹೊತ್ತು ಹಾಲು ಹಾಕಲು ಹೋಗಿರುತ್ತಿದ್ದರು. ಉಳಿದವಳು ನಾನು.

ಅಪ್ಪ ಗಾಡಿಯ ಪಕ್ಕ ಆ ಕಾಲು ನೀಡಿಕೊಂಡು ಕೂತು ಹೇಳಿಕೊಟ್ಟ. ಪೆಟ್ರೋಲಿನ ನಲ್ಲಿ ಬಿಡು. ಕಾರ್ಬುರೇಟರಿನ ಗುಂಡಿಯನ್ನು ಬೆರಳು ಒದ್ದೆಯಾಗುವವರೆಗೆ ಒತ್ತು. ಎಡಗೈ ಹತ್ತಿರ ಎರಡು ಸಣ್ಣ ಲಿವರ್ ಇವೆ, ಒಂದನ್ನು ಹಿಂದಕ್ಕೆ ಎಳೆದಿಡು. ಕಿಕ್ಕರನ್ನು ಮೆಲ್ಲಗೆ ತುಳಿಯುತ್ತಾ ಹೋಗು, ಒಂದು ಕಡೆ ಬಿಗಿ ಸಿಗುತ್ತದೆ. ಅಲ್ಲಿ ಇನ್ನೊಂದು ಲಿವರ್ ಹಿಡಿದು ಕೂದಲೆಳೆಯಷ್ಟು ಮುಂದೆ ತಳ್ಳಿ ಬಿಡು. ಕಿಕ್ಕರು ಮೇಲೆ ಬರಲಿ. ಈಗ ಒದಿ. "ಬಲ ಬೇಡ ಕಣವ್ವ," ಅಂದ. "ಹಸು ಹಾಲಿಳಿಸೋ ತನಕ ಕಾಯ್ತೀವಲ್ಲ, ಹಂಗೆ ಕಾದು ಒದಿಬೇಕು." ಮೊದಲ ದಿನ ಗಾಡಿ ನನ್ನನ್ನೇ ಒದೆಯಿತು, ಮೀನಖಂಡ ಊದಿಕೊಂಡಿತು. ನಾಲ್ಕನೆಯ ದಿನ ನಾನು ಗೆದ್ದೆ.

ಲಂಗ ಎತ್ತಿ ಸಿಕ್ಕಿಸಿಕೊಂಡು ದಿನಾ ಬೆಳಿಗ್ಗೆ ಮನೆ ಮುಂದೆ ನಾನು ಗಾಡಿ ಒದೆಯುವುದನ್ನು ನೋಡಿ ಅಜ್ಜಿಗೆ ತಡೆಯಲಾಗಲಿಲ್ಲ. "ವಯಸ್ಸಿಗ್ ಬಂದ ಹೆಣ್ಣು ಬೀದೀಲಿ ಕಾಲೆತ್ತಿ ಒದ್ರೆ ಮನೆ ಉದ್ಧಾರ ಆಗ್ತೈತಾ?" ಅಂದಳು.

"ಅವ್ಳು ಒದೀದಿದ್ರೆ ಇವತ್ತು ಐದು ಹಸು ಗಬ್ಬ ಕಟ್ಟಲ್ಲ ಕಣವ್ವ," ಅಂದ ಅಪ್ಪ. "ಯಾರ ಮನೆ ಉದ್ಧಾರ ಆಗ್ತೈತೆ ಅಂತ ನೀನೇ ಹೇಳು."

ಆರು ವರ್ಷ ದಿನಾ ಬೆಳಿಗ್ಗೆ ಆ ಗಾಡಿಯನ್ನು ಎಬ್ಬಿಸಿದವಳು ನಾನು. ನನ್ನ ಮದುವೆಯ ದಿನ ಕೂಡ, ಯಾರದೋ ಹಸುವಿಗೆ ಕರು ಅಡ್ಡ ಬಂದಿದೆ ಎಂದು ಆಳು ಓಡಿ ಬಂದಾಗ, ಅರಿಶಿನದ ಕಾಲಲ್ಲೇ ಹೋಗಿ ಒದ್ದು ಕೊಟ್ಟೆ. ಗಂಡಿನ ಕಡೆಯವರು ಸಾಲಾಗಿ ನಿಂತು ನೋಡಿದರು. ನಮ್ಮ ಯಜಮಾನರು ಹೆಂಡತಿಯ ಜೊತೆ ಯಾವತ್ತೂ ಜಗಳಕ್ಕೆ ಹೋಗಬಾರದು ಎಂದು ಆವಾಗಲೇ ತೀರ್ಮಾನ ಮಾಡಿಕೊಂಡರಂತೆ. ಆ ಮಾತಿಗೆ ಇವತ್ತಿನವರೆಗೆ ತಪ್ಪಿಲ್ಲ, ಒಳ್ಳೆಯ ಮನುಷ್ಯ.

ಇಷ್ಟು ಹೇಳಿದ ಮೇಲೆ ಒಂದು ಕಹಿಯನ್ನೂ ಹೇಳಿಬಿಡುತ್ತೇನೆ. ಹದಿನೇಳನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಗಾಡಿ ಎಬ್ಬಿಸಿದವಳು ಇಳಿಯದೆ ಹಾಗೇ ಕೂತೆ. "ಅಪ್ಪ, ಕೆರೆ ಏರಿವರೆಗೆ ಒಂದ್ಸಲ ಓಡಿಸ್ತೀನಿ" ಅಂದೆ. ಅಪ್ಪ ಆ ಕಡೆ ಈ ಕಡೆ ನೋಡಿದ. ಎದುರುಮನೆಯ ಜಗಲಿಯ ಮೇಲೆ ಇಬ್ಬರು ಕೂತಿದ್ದರು. "ಬೇಡ ಇಳಿಯವ್ವ, ಜನ ಏನಂತಾರೆ," ಅಂದ. ಅಜ್ಜಿಗೆ ಅಷ್ಟು ಚೆಂದ ಉತ್ತರ ಕೊಟ್ಟಿದ್ದ ಅದೇ ಅಪ್ಪ. ನಾನು ಇಳಿದೆ. ಒದೆಯಲು ಬೇಕಾಗಿದ್ದವಳು ಓಡಿಸಲು ಬೇಡವಾದೆ. ಅವತ್ತು ಆದ ನೋವು ಜಮೀನಿಗೆ ರುಜು ಹಾಕಿದ ದಿನವೂ ಆಗಲಿಲ್ಲ. ಮುನಿರಾಜುವಿಗೆ ಹದಿನಾರು ತುಂಬಿದಾಗ ಅವನು ಕೇಳುವ ಮೊದಲೇ ಅಪ್ಪ ಬೀಗದ ಕೈ ಕೊಟ್ಟ. ಅವನು ಒದ್ದ ಮೂರನೆಯ ಒದೆತಕ್ಕೆ ಗಾಡಿ ತಿರುಗಿಸಿ ಒದ್ದು ಹಿಮ್ಮಡಿ ಮುರಿಯಿತು. ನಾನು ಗಂಡನ ಮನೆಯಲ್ಲಿ ಈ ಸುದ್ದಿ ಕೇಳಿ ಅಯ್ಯೋ ಪಾಪ ಅಂದೆ. ಒಳಗೊಳಗೇ ಆದ ಸಂತೋಷಕ್ಕೆ ದೇವರು ನನ್ನನ್ನು ಕ್ಷಮಿಸಲಿ.

ಅಪ್ಪ ತೀರಿಕೊಂಡ ಮೇಲೆ ಗಾಡಿ ಕೊಟ್ಟಿಗೆ ಸೇರಿತು. ಸೀಟಿನ ಗುಳಿಯಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಮುನಿರಾಜು ಕೆಟ್ಟವನಲ್ಲ. ಎರಡು ವರ್ಷ ಬೆಂಗಳೂರಿಗೆ ಅಲೆದು, ಯಾರೋ ಮೆಕ್ಯಾನಿಕ್ಕನ್ನು ಹಿಡಿದು, ಎಲ್ಲೆಲ್ಲಿಂದಲೋ ಬಿಡಿಭಾಗ ತರಿಸಿ ಅದನ್ನು ಮತ್ತೆ ಗಾಡಿ ಮಾಡಿದ. ಮಾಡಿದ ಮೇಲೆ ಅದರ ಹತ್ತಿರ ಹೋಗಲು ಹೆದರಿಕೆ, ಆ ಹಿಮ್ಮಡಿ ಇವತ್ತಿಗೂ ಚಳಿಗೆ ನೋಯುತ್ತದೆ. ನಿಂತು ನಿಂತು ಮತ್ತೆ ತುಕ್ಕು ಹಿಡಿಯುತ್ತೆ ಎಂಬ ಯೋಚನೆ. ಜೊತೆಗೆ ನಮ್ಮ ಸೀಮೆಯ ಗಂಡಸರೆಲ್ಲರ ಹೊಸ ವೇದವಾಕ್ಯ ಒಂದಿದೆಯಲ್ಲ, ಅದನ್ನೂ ಹೇಳಿದ. "ರೇಟ್ ಬಂದಾಗ ಕೊಟ್ಬಿಡ್ಬೇಕಕ್ಕ."

"ನೋಡಾಣ ಬಿಡು," ಅಂದೆ ನಾನು, ಕಾಗದ ಮಡಚಿಟ್ಟು.

ಎರಡು ಎಕರೆ ಗದ್ದೆಗೆ ಎದುರಾಡದೆ ರುಜು ಹಾಕಿದವಳು ಒಂದು ಮೋಟಾರ್ ಸೈಕಲ್ಲಿಗೆ ಹಾಕಲಿಕ್ಕಿಲ್ಲ ಎಂದು ಅವನಿಗೆ ಅನುಮಾನವೇ ಬರಲಿಲ್ಲ. ಅಲ್ಲೇ ಅವನು ಎಡವಿದ್ದು. ಏಳುವಾಗ ಇನ್ನೊಂದು ಮಾತು ಸೇರಿಸಿದ. "ಭಾನುವಾರ ಆ ಬೆಂಗ್ಳೂರಿನೋರು ನೋಡಾಕೆ ಬತ್ತಾವ್ರೆ. ಮೆಕ್ಯಾನಿಕ್ಕು ಊರಿಗೆ ಹೋಗವ್ನೆ. ನೀನು ಬಂದು ಒಂದ್ಸಲ ಸ್ಟಾರ್ಟ್ ಮಾಡ್ಕೊಟ್ಬಿಡಕ್ಕ. ಹಂಗೇ ಕಾಗದಾನೂ ತಗೊಂಬಂದ್ಬಿಡು."

ಅವನು ಹೋದ ಮೇಲೆ ನಾನು ಒಬ್ಬಳೇ ಕೂತು ಬಿದ್ದೂ ಬಿದ್ದೂ ನಕ್ಕೆ. ಮಾರುವವನು ಅವನು, ಕೊಳ್ಳುವವನು ಇನ್ನೊಬ್ಬ, ಎಬ್ಬಿಸುವವಳು ಮಾತ್ರ ಅವತ್ತಿಗೂ ನಾನೇ, ಇವತ್ತಿಗೂ ನಾನೇ.

ಭಾನುವಾರ ಹೊರಟು ನಿಂತಾಗ ಯಜಮಾನರು ಪೇಪರಿನ ಹಿಂದಿನಿಂದ ಕೇಳಿದರು. "ರುಜು ಹಾಕ್ತೀಯಾ?"

"ಇಲ್ಲ."

"ಮತ್ತೆ ಯಾಕ್ ಹೋಗ್ತಿದ್ದೀಯಾ?"

"ಒದಿಯಾಕೆ."

ಅವರು ಪೇಪರು ಇಳಿಸಿ ನನ್ನನ್ನು ನೋಡಿ ಮತ್ತೆ ಏರಿಸಿಕೊಂಡರು. ಆವತ್ತು ನಾನು ಸೀರೆ ಉಡದೆ ಚೂಡಿದಾರ್ ಹಾಕಿದ್ದೆ. ಒದೆಯಲು ಅನುಕೂಲ ಎಂದು ಅಷ್ಟೇ, ಬೇರೆ ಉದ್ದೇಶ ಇರಲಿಲ್ಲ. ಇತ್ತು ಎಂದು ಯಜಮಾನರು ಇವತ್ತಿಗೂ ವಾದಿಸುತ್ತಾರೆ. ಇಪ್ಪತ್ತು ವರ್ಷ ಶಾಲೆಗೆ ಓಡಿಸಿದ ನನ್ನ ಗೇರಿಲ್ಲದ ಸ್ಕೂಟರು ಹತ್ತಿ, ಹೆಲ್ಮೆಟ್ ಹಾಕಿಕೊಂಡು ತವರಿಗೆ ಹೋದೆ.

ನನ್ನ ತಲೆಯಲ್ಲಿ ಒಂದು ಉಪಾಯವಿತ್ತು. ಬಾಯಿಬಿಟ್ಟು ಬೇಡ ಅನ್ನುವುದಿಲ್ಲ. ಗಾಡಿಯ ನಿಜ ಚರಿತ್ರೆಯನ್ನು ಬಂದವರ ಮುಂದೆ ಇದ್ದದ್ದು ಇದ್ದಂತೆ ಹೇಳುತ್ತೇನೆ. ದೊರೆಯ ಗಾಡಿ ಎಂದು ಬಂದವರು ವೀಳ್ಯದೆಲೆ, ಎತ್ತು, ವೀರ್ಯ ಎಂದೆಲ್ಲ ಕೇಳಿ ಮೂಗು ಮುಚ್ಚಿಕೊಂಡು ಹೋಗುತ್ತಾರೆ. ತಮ್ಮನ ಜೊತೆ ನಿಷ್ಠುರವೂ ಆಗುವುದಿಲ್ಲ. ಗಣಿತದವರಿಗೆ ಇಂಥ ಉಪಾಯಗಳು ಬಹಳ ಹೊಳೆಯುತ್ತವೆ, ಕೆಲಸ ಮಾಡುವುದು ಕಡಿಮೆ.

ಗಾಡಿ ಮನೆಯ ಮುಂದೆ ನಿಂತಿತ್ತು. ಎದುರಿಗೆ ನೋಡಿದಾಗ ಫೋಟೊಗಿಂತ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಹಿಂಭಾಗ ಬೋಳಾಗಿತ್ತು. "ಅಪ್ಪನ ಪೆಟ್ಟಿಗೆ ಎಲ್ಲೋ?" ಎಂದು ಕೇಳಿದೆ. "ಅದು ಒರಿಜಿನಲ್ ಅಲ್ವಂತಕ್ಕ, ಮೆಕ್ಯಾನಿಕ್ಕು ಗುಜರಿಗೆ ಹಾಕ್ಬಿಟ್ಟ," ಅಂದ ಮುನಿರಾಜು. ಅಪ್ಪ ಬದುಕಿದ್ದು ಆ ಪೆಟ್ಟಿಗೆಯಿಂದ, ನಾವು ಓದಿದ್ದು ಆ ಪೆಟ್ಟಿಗೆಯಿಂದ. ಅದು ಒರಿಜಿನಲ್ ಅಲ್ಲದಿದ್ದರೆ ಒರಿಜಿನಲ್ ಯಾವುದು?

ಬೆಂಗಳೂರಿನವರು ಆಗಲೇ ಬಂದಿದ್ದರು. ಐವತ್ತರ ಆಸುಪಾಸಿನ ಮನುಷ್ಯ, ಆ ಬಿಸಿಲಿನಲ್ಲೂ ಚರ್ಮದ ಕೋಟು, ಮಾತು ಮಾತ್ರ ಬಹಳ ಮರ್ಯಾದೆಯದು. ನಾನು ನಲ್ಲಿ ಬಿಟ್ಟೆ. ಗುಂಡಿ ಒತ್ತಿದೆ. ಲಿವರ್ ಎಳೆದೆ. ನಲವತ್ತು ವರ್ಷ ಮರೆತಿದ್ದ ಕಾಲು ತಾನಾಗಿ ಬಿಗಿಯನ್ನು ಹುಡುಕಿಕೊಂಡಿತು. ಮೊದಲ ಒದೆತಕ್ಕೆ ಕೆಮ್ಮಿತು. ಎರಡನೆಯದಕ್ಕೆ ಏನೂ ಇಲ್ಲ, ಮುನಿರಾಜು ಎರಡು ಹೆಜ್ಜೆ ಹಿಂದೆ ಸರಿದ. ಮೂರನೆಯದಕ್ಕೆ ಎದ್ದಿತು. ಆ ಸದ್ದಿಗೆ ಪಕ್ಕದ ಮನೆಯಿಂದ ತೊಂಬತ್ತರ ಹತ್ತಿರದ ವೆಂಕಟಮ್ಮಜ್ಜಿ ಕೋಲೂರಿಕೊಂಡು ಬಾಗಿಲಿಗೆ ಬಂದು, "ಯಾರ ಮನೆ ಹಸು ಬೆದೆಗೆ ಬಂದೈತ್ರವ್ವ?" ಅಂದಳು.

ಚರ್ಮದ ಕೋಟಿನವರಿಗೆ ಅರ್ಥವಾಗಲಿಲ್ಲ. ಇದೇ ಸಮಯ ಎಂದು ನಾನು ಶುರು ಮಾಡಿದೆ. "ಸ್ವಾಮಿ, ಇದನ್ನ ಯಾವ ದೊರೇನೂ ಓಡಿಸಿಲ್ಲ," ಎಂದು ಆರಂಭಿಸಿ ವೀಳ್ಯದೆಲೆ ವ್ಯಾಪಾರಿಯನ್ನು ಹೇಳಿದೆ, ಎತ್ತನ್ನು ಹೇಳಿದೆ, ಫ್ಲಾಸ್ಕಿನಲ್ಲಿ ಏನಿರುತ್ತಿತ್ತು ಎಂದು ಹೇಳಿದೆ, ಕೆಂಪು ದಾರವನ್ನೂ ಬಿಡಲಿಲ್ಲ. ಮುನಿರಾಜುವಿನ ಮುಖ ಬಾಡುತ್ತಾ ಹೋಯಿತು. ಆ ಮನುಷ್ಯನ ಮುಖ ಅರಳುತ್ತಾ ಹೋಯಿತು.

"ಮೇಡಂ, ಇದು ಎಂಥ ಕಥೆ ಮೇಡಂ," ಅಂದರು. "ದೊರೆ ಗಾಡಿ ಅಂತ ಹೇಳಿ ಹತ್ತು ಜನ ತೋರಿಸಿದಾರೆ ನಂಗೆ. ಇಂಥದ್ದು ಒಂದೂ ಸಿಕ್ಕಿಲ್ಲ. ನಾನು ಹೇಳಿದ ಬೆಲೆ ಮೇಲೆ ಇನ್ನೂ ಸೇರಿಸಿ ಕೊಡ್ತೀನ್ರೀ ಮುನಿರಾಜು. ಮೇಡಂ, ನೀವು ಸೈನ್ ಮಾಡಿಬಿಟ್ರೆ ಇವತ್ತೇ ಮುಗಿಸ್ಬಿಡೋಣ."

ನೋಡಿ, ಇದು ನನ್ನ ಉಪಾಯದ ಗತಿ. ಮುನಿರಾಜು ಓಡಿಹೋಗಿ ಪೆನ್ನು ತಂದು ನನ್ನ ಕೈಗೆ ಕೊಟ್ಟ. ಗಾಡಿ ಡುಗುಡುಗು ಅನ್ನುತ್ತಲೇ ಇತ್ತು. ಬಳಸು ಮಾತಿಗೆ ಇನ್ನು ಜಾಗವಿರಲಿಲ್ಲ.

"ಹಾಕಲ್ಲ," ಅಂದೆ.

"ಏನಕ್ಕ?"

"ರುಜು ಹಾಕಲ್ಲ ಕಣೋ."

"ಜಮೀನಿಗೇ ಹಾಕ್ದೋಳು ನೀನು," ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ಇದಕ್ಕೆ ಯಾಕಕ್ಕ?"

"ಜಮೀನಿಗೆ ಹಾಕ್ದೆ ಅಂತಾನೇ ಇದಕ್ಕೆ ಹಾಕಲ್ಲ. ಗದ್ದೆ ಉತ್ತಿದ್ದು ನಾನಲ್ಲ, ತೋಪಿಗೆ ನೀರು ಹಾಯ್ಸಿದ್ದು ನಾನಲ್ಲ, ಹೋಗ್ಲಿ ಅಂದ್ಕೊಂಡೆ. ಇದನ್ನ ಆರು ವರ್ಷ ಎಬ್ಸಿದ್ದು ನಾನು. ಇದು ನಂದು."

ಹೇಳಿ ಮುಗಿಸಿ ಪೆನ್ನನ್ನೂ ಕಾಗದವನ್ನೂ ಹೆಗಲ ಚೀಲಕ್ಕೆ ಹಾಕಿಕೊಂಡೆ. ಅರವತ್ತು ವರ್ಷದಲ್ಲಿ ತವರಿನ ಅಂಗಳದಲ್ಲಿ ನಿಂತು 'ಇದು ನಂದು' ಎಂದು ನಾನು ಅಂದದ್ದು ಅದೇ ಮೊದಲು. ವೆಂಕಟಮ್ಮಜ್ಜಿ ಬಾಗಿಲಲ್ಲೇ ಕೂತು ಎಲೆಅಡಿಕೆ ಚೀಲ ಬಿಚ್ಚಿದಳು, ಹೊತ್ತು ಹಿಡಿಯುತ್ತದೆ ಎಂದು ಅವಳಿಗೆ ಗೊತ್ತಾಗಿರಬೇಕು.

ಚರ್ಮದ ಕೋಟಿನವರು ಸಮಾಧಾನವಾಗಿಯೇ ಹೇಳಿದರು. "ಬೇಜಾರು ಮಾಡ್ಕೋಬೇಡಿ ಮೇಡಂ. ನಿಮ್ಮ ಭಾವನೆ ಅರ್ಥ ಆಗುತ್ತೆ. ಆದ್ರೆ ನಿಲ್ಲಿಸಿದ್ರೆ ಹಾಳಾಗುತ್ತೆ. ಇವರಂತೂ ಮುಟ್ಟಲ್ಲ. ಓಡಿಸೋರು ಯಾರು ಹೇಳಿ?"

ಅವರು ಕೇಳಿದ್ದು ಸುಮ್ಮನೆ. ಆದರೆ ಅವರಿಗೂ ಮುನಿರಾಜುವಿಗೂ, ಪೇಪರು ಓದುತ್ತಾ ಮನೆಯಲ್ಲಿ ಕೂತ ನಮ್ಮ ಯಜಮಾನರಿಗೂ ಹೊಳೆಯದ ಉತ್ತರ ನನ್ನ ಮುಂದೆಯೇ ಡುಗುಡುಗು ಅನ್ನುತ್ತಿತ್ತು. ನಾನು ಹೆಲ್ಮೆಟ್ಟು ಹಾಕಿಕೊಂಡೆ. ಸ್ಟ್ಯಾಂಡು ತೆಗೆದೆ. ಹತ್ತಿ ಕೂತೆ.

"ಅಕ್ಕ, ಬ್ಯಾಡ. ಗೇರು ಬಲಗಾಲಿಗೆ ಬತ್ತೈತೆ, ಬ್ರೇಕು ಎಡಗಾಲಿಗೆ. ಎಲ್ಲ ಉಲ್ಟಾ," ಎಂದು ಮುನಿರಾಜು ಹ್ಯಾಂಡಲ್ ಹಿಡಿಯಲು ಬಂದ.

ಉಲ್ಟಾ ಆಗುವುದು ಬೇರೆ ಗೇರುಗಾಡಿ ಓಡಿಸಿ ಅಭ್ಯಾಸ ಇರುವವರಿಗೆ. ನಾನು ಜನ್ಮದಲ್ಲಿ ಗೇರುಗಾಡಿ ಮುಟ್ಟಿದವಳಲ್ಲ, ಮರೆಯಬೇಕಾದದ್ದು ನನ್ನಲ್ಲಿ ಏನೂ ಇರಲಿಲ್ಲ. ಆರು ವರ್ಷ ಬಾಗಿಲಲ್ಲಿ ನಿಂತು ಅಪ್ಪನ ಬಲಗಾಲಿನ ಬೆರಳು ಎಲ್ಲಿ ಒತ್ತುತ್ತದೆ, ಎಡಗೈ ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ನೋಡಿದ್ದೆ. ಹಾಗೇ ಮಾಡಿದೆ. ಗಾಡಿ ಎರಡು ಸಲ ಕುಪ್ಪಳಿಸಿತು. ವೆಂಕಟಮ್ಮಜ್ಜಿ "ಹುಷಾರವ್ವ" ಅಂದದ್ದು ಕೇಳಿಸಿತು. ಆಮೇಲೆ ಹೊರಟೇಬಿಟ್ಟಿತು.

ನನಗೆ ಗೇರುಗಾಡಿಯ ಲೈಸೆನ್ಸ್ ಇಲ್ಲ. ಇದನ್ನು ಓದುತ್ತಿರುವ ಪೊಲೀಸಿನವರು ಯಾರಾದರೂ ಇದ್ದರೆ ಈ ಪುಟ ಬಿಟ್ಟು ಮುಂದಿನದಕ್ಕೆ ಹೋಗಬೇಕೆಂದು ವಿನಂತಿ.

ಊರ ಕೊನೆಯ ಅರಳಿಕಟ್ಟೆಯವರೆಗೆ ಹೋಗಿ ತಿರುಗಿ ಬರಬೇಕು ಎಂದುಕೊಂಡಿದ್ದೆ. ಕಟ್ಟೆ ಬಂತು. ಆಗ ಒಂದು ಸಂಗತಿ ಗೊತ್ತಾಯಿತು. ಹೊರಡುವುದನ್ನು ನಾನು ದಿನಾ ನೋಡಿದ್ದೆ. ಅಪ್ಪ ಆ ಭಾರದ ಗಾಡಿಯನ್ನು ಹೇಗೆ ತಿರುಗಿಸುತ್ತಿದ್ದ ಎಂದು ನೋಡಿರಲೇ ಇಲ್ಲ, ತಿರುಗಿ ಬರುವ ಹೊತ್ತಿಗೆ ನಾನು ಸ್ಕೂಲಿನಲ್ಲಿರುತ್ತಿದ್ದೆ. ನಿಧಾನ ಮಾಡಿದರೆ ಬೀಳುತ್ತೇನೆ ಅನಿಸಿತು. ಬೀಳುವುದು ಬೇಡ, ಹೋಗುವುದೇ ವಾಸಿ ಎಂದು ನೇರ ಹೋದೆ. ನೇರ ಹೋದರೆ ಅನುಗೊಂಡನಹಳ್ಳಿಯ ದಾರಿ.

ಹಿಂದೆ ಪೀಂ ಪೀಂ ಎಂಬ ಹಾರನ್ನು. ಮುನಿರಾಜು ನನ್ನ ಸ್ಕೂಟರು ಹತ್ತಿ ಬೆನ್ನಟ್ಟಿದ್ದ. "ಎಡಗಾಲಕ್ಕ, ಎಡಗಾಲು" ಎಂದು ಕೂಗುತ್ತಿದ್ದ. ಎರಡೂ ಕಡೆ ರಾಗಿ ಹೊಲ, ಹೊಲದ ನಡುವೆ ಲೇಔಟಿನ ಕಲ್ಲುಗಳು. ಬಸ್‌ಸ್ಟಾಪಿನಲ್ಲಿ ನಿಂತಿದ್ದ ನನ್ನ ಹಳೇ ವಿದ್ಯಾರ್ಥಿಯೊಬ್ಬ ಅಭ್ಯಾಸಬಲದಿಂದ "ನಮಸ್ತೆ ಮೇಡಂ" ಎಂದು ಕೈಮುಗಿದ. ಕೈ ಬಿಟ್ಟು ತಿರುಗಿ ನಮಸ್ಕರಿಸುವ ಧೈರ್ಯ ನನಗಿರಲಿಲ್ಲ. ಹೆದರಿಕೆಯಾಯಿತೇ ಎಂದು ಕೇಳಿದರೆ, ಆಯಿತು, ಬಾಯಿ ಒಣಗಿತ್ತು. ಸಂತೋಷವಾಯಿತೇ ಎಂದರೆ, ನನ್ನ ಮದುವೆಯಲ್ಲೂ ಅಷ್ಟು ಆಗಿರಲಿಲ್ಲ. ಇದನ್ನು ಯಜಮಾನರಿಗೆ ಹೇಳಿದ್ದೇನೆ, ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಮನೆಯ ಗೇಟು ತೆರೆದಿತ್ತು. ಅಂಗಳದಲ್ಲಿ ಕಿಕ್ಕರಿನ ಬಿಗಿ ಬಿಡಿಸುವ ಆ ಸಣ್ಣ ಲಿವರ್ ಹಿಡಿದೆ, ಗಾಡಿ ಉಸಿರು ಬಿಟ್ಟು ಸುಮ್ಮನಾಯಿತು. ಹಿಂದೆಯೇ ಮುನಿರಾಜು ಬಂದು ಸ್ಕೂಟರು ನಿಲ್ಲಿಸಿ ಜಗಲಿಯ ಮೇಲೆ ಕುಸಿದು ಕೂತ. ಯಜಮಾನರು ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ಎರಡು ಲೋಟ ಕುಡಿದ ಮೇಲೆ ಅವನಿಗೆ ಮಾತು ಬಂತು.

"ಜಮೀನು ಮಾರ್ದಾಗ ಒಂದು ಮಾತು ಅನ್ಲಿಲ್ವಲ್ಲಕ್ಕ ನೀನು. ಬೇಕು ಅಂತ ಆವಾಗ್ಲೇ ಕೇಳಿದ್ರೆ ನಾನು ಇಲ್ಲ ಅಂತಿದ್ನಾ?"

"ಇಲ್ಲ ಅಂತಿರ್ಲಿಲ್ಲ," ಅಂದೆ. "ನನ್ ಜೊತೆ ಮಾತು ಬಿಟ್ಬಿಡ್ತಿದ್ದೆ ನೀನು."

ಅವನು ಲೋಟದ ತಳ ನೋಡುತ್ತಾ ಕೂತ. ನಾನು ಅವನು ತಂದಿದ್ದ ಕಾಗದವನ್ನೇ ಹಿಂಬದಿಗೆ ತಿರುಗಿಸಿ, ಕರಿಹಲಗೆಯ ಮೇಲೆ ಬರೆಯುವ ನನ್ನ ದುಂಡು ಅಕ್ಷರದಲ್ಲಿ ಅದೇ ಒಕ್ಕಣೆಯನ್ನು ಬರೆದೆ. ಹೆಸರು ಮಾತ್ರ ಆಚೀಚೆ ಮಾಡಿದೆ. ಅಕ್ಕನ ಹೆಸರಿಗೆ ಗಾಡಿ ಮಾಡಲು ತಮ್ಮನಾದ ನನ್ನದು ಏನೂ ಅಡ್ಡಿ ಇಲ್ಲ. ಅವನ ಪೆನ್ನು ನನ್ನ ಹತ್ತಿರವೇ ಉಳಿದಿತ್ತು, ಅದನ್ನೂ ಕೊಟ್ಟೆ.

ಮುನಿರಾಜು ಓದಿದ. ಎರಡು ಸಲ ಓದಿದ. "ಯೋಚ್ನೆ ಮಾಡ್ತೀನಕ್ಕ," ಅಂದ.

"ಮಾಡು," ಅಂದೆ. "ಅಲ್ಲೀ ತಂಕ ಒದ್ದು ಎಬ್ಸಕ್ಕಾದ್ರೆ ಯಾವಾಗ ಬೇಕಾದ್ರೂ ಬಂದು ತಗೊಂಡು ಹೋಗು. ನಂದೇನೂ ತಕರಾರಿಲ್ಲ."

ಅವನು ಬಸ್ಸಿನಲ್ಲಿ ಊರಿಗೆ ಹೋಗುವಷ್ಟರಲ್ಲಿ ಚರ್ಮದ ಕೋಟಿನವರು ಬೆಂಗಳೂರಿಗೆ ಹೊರಟುಹೋಗಿದ್ದರಂತೆ. ಆಮೇಲೆ ಎರಡು ಸಲ ಬಂದಿದ್ದಾನೆ, ಊಟ ಮಾಡಿ ಹೋಗಿದ್ದಾನೆ, ಗಾಡಿಯ ಸುತ್ತ ಒಂದು ಸುತ್ತು ಹಾಕಿ ಕಿಕ್ಕರನ್ನು ನೋಡಿ ಹಿಮ್ಮಡಿ ಸವರಿಕೊಂಡಿದ್ದಾನೆ. ರುಜು ಇನ್ನೂ ಹಾಕಿಲ್ಲ. ನಾನು ದಿನಾ ಬೆಳಿಗ್ಗೆ ಎಬ್ಬಿಸಿ ಡೈರಿಯವರೆಗೆ ಹೋಗಿ ಹಾಲು ತರುತ್ತೇನೆ. ತಿರುಗಿಸುವುದನ್ನು ಶಾಲೆಯ ಮೈದಾನದಲ್ಲಿ ಕಲಿತೆ, ಎರಡು ಸಲ ಬಿದ್ದೆ. ಆ ಮೂರನೆಯ ಸೀರೆ ವಾಪಸ್ ಕಳಿಸಿದ್ದೇನೆ. ಲೈಸೆನ್ಸಿಗೂ ಅರ್ಜಿ ಹಾಕಿದ್ದೇನೆ, ಪೊಲೀಸಿನವರು ಈಗ ಈ ಪುಟಕ್ಕೆ ಬರಬಹುದು. ಪಕ್ಕದ ಮನೆಯಾಕೆ "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಮೇಡಂ" ಎಂದು ಕೇಳಿದಳು. "ಆ ವಯಸ್ಸಲ್ಲಿ ಕೊಡ್ಲಿಲ್ವಲ್ಲಮ್ಮ" ಅಂದೆ.

ಹಾಗೆ ನೋಡಿದರೆ ಸರ್ಕಾರದ ಪುಸ್ತಕದಲ್ಲಿ ಗಾಡಿ ಇವತ್ತಿಗೂ ತಮ್ಮನದಲ್ಲ, ನನ್ನದೂ ಅಲ್ಲ, ತೀರಿಕೊಂಡ ನಮ್ಮಪ್ಪನದು. ಓಡಿಸಬೇಡ ಇಳಿ ಎಂದು ನನಗೆ ಹೇಳುವ ಹಕ್ಕು ಇರುವುದು ಅವನೊಬ್ಬನಿಗೇ. ಬಂದು ಹೇಳಲಿ.